ನೊರೆ ಏರುವ ದಿನ

ಬಾಗಿಲು ಎಳೆಯುವ ಮುಂಚೆ ಗೆಳೆಯ ತಿರುಗಿ ನೋಡಿದ್ದ.

ಇದು ಅವನಿಗೆ ಗೊತ್ತಾಗಿದ್ದು ಎರಡು ದಶಕ ತಡವಾಗಿ, ಹಳೆಯ ಕೋಚ್ ತೀರಿಕೊಂಡ ದಿನ. ಅಂತ್ಯಕ್ರಿಯೆ ಮುಗಿಸಿ ಬಂದವರೆಲ್ಲ ಶಾಮಿಯಾನದ ಕೆಳಗೆ ಚಹಾ ಕುಡಿಯುತ್ತಿದ್ದರು. ತಂಡದ ವ್ಯಾನ್ ಓಡಿಸುತ್ತಿದ್ದ ಡ್ರೈವರ್ ತಾತ ಅವನ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದು, ಮಡಚಲು ಬಾರದ ಬೆರಳುಗಳನ್ನು ಸವರುತ್ತಾ ಹೇಳಿದ.

"ಕನ್ನಡೀಲಿ ನೋಡ್ದೆನಲ್ಲಪ್ಪ ಅವತ್ತು. ನಿನ್ನ ಕೈ ಬಾಗಿಲ ಸಂದೀಲಿತ್ತು. ಅವನು ತಿರುಗಿ ನೋಡ್ದ, ಆಮೇಲೆ ಎಳೆದ. ಪಾಪ, ನೀನು ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಟ್ಟೆ."

"ಹೂಂ ತಾತ, ಹಳೇ ಕತೆ ಬಿಡಿ," ಎಂದ ಅವನು. ಚಹಾ ಪೂರ್ತಿ ಕುಡಿದ. ಲೋಟವನ್ನು ಮೇಜಿನ ಮೇಲಿಟ್ಟ. ಶಾಮಿಯಾನದ ಆ ತುದಿಯಲ್ಲಿ ಗೆಳೆಯ ಯಾರದೋ ಭುಜದ ಮೇಲೆ ಕೈ ಹಾಕಿಕೊಂಡು ಅಳುತ್ತಿದ್ದ. ಅವನು ಆ ಬೆನ್ನನ್ನೇ ನೋಡುತ್ತಾ ನಿಂತ.

ವ್ಯಾನಿನ ಬಾಗಿಲಿಗೆ ಕೈ ಸಿಕ್ಕಿದ್ದು ಅವನ ಬದುಕಿನ ಬಹುಮುಖ್ಯ ಆಟದ ಹಿಂದಿನ ದಿನ. ದೊಡ್ಡ ಕ್ಲಬ್ಬಿನವರು ಅವನನ್ನೇ ನೋಡಲು ಬರುವವರಿದ್ದರು. ಅವನು ಗೋಲ್‌ಕೀಪರ್. ಎದುರಾಳಿಗಳು ಅವನಿಗೆ ಗೋಡೆ ಎಂದು ಹೆಸರಿಟ್ಟಿದ್ದರು. ಗೆಳೆಯ ಬದಲಿ ಕೀಪರ್; ಎರಡು ವರ್ಷದಿಂದ ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದವನು. ಮರುದಿನ ಅದೇ ಗೆಳೆಯ ಗೋಲಿನ ಮುಂದೆ ನಿಂತ, ಬಂದ ಚೆಂಡನ್ನೆಲ್ಲ ಹಿಡಿದ, ದೊಡ್ಡ ಕ್ಲಬ್ಬು ಅವನನ್ನೇ ಕರೆದುಕೊಂಡು ಹೋಯಿತು. ಪತ್ರಿಕೆಯವರಿಗೆ ಯಾವ ಗೋಡೆಯಾದರೇನು? ಹೆಸರೂ ಆ ಕಡೆಗೇ ಹೋಯಿತು.

ಆದರೆ ಇಷ್ಟು ವರ್ಷ ಅವನು ಕೊರಗಿದ್ದು ಹಣೆಬರಹದ ಮೇಲೆ, ಗೆಳೆಯನ ಮೇಲಲ್ಲ. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಗೆಳೆಯ ಬಂದು ಮಂಚದ ಪಕ್ಕ ಕೂತು ಚಮಚದಲ್ಲಿ ಗಂಜಿ ತಿನ್ನಿಸಿದ್ದ. ಗಲ್ಲದ ಮೇಲೆ ಸೋರಿದ್ದನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿದ್ದ. ಆ ಚಮಚವನ್ನು ನೆನೆದು ಅವನು ಎಷ್ಟೋ ಸಲ ಕಣ್ಣು ಒದ್ದೆ ಮಾಡಿಕೊಂಡಿದ್ದುಂಟು. ಈಗ ಹೊಟ್ಟೆಯಲ್ಲಿ ಬೆಂಕಿ ಹಾಕುತ್ತಿದ್ದುದು ಬಾಗಿಲಲ್ಲ, ಆ ಚಮಚ.

ಕೊಲೆ ಎಂಬ ಮಾತನ್ನು ಅವನು ಮನಸ್ಸಿನೊಳಗೂ ಆಡಲಿಲ್ಲ. ಕೆಲಸ ಎಂದುಕೊಂಡ. ಹಣ್ಣು, ಮೀನು, ಔಷಧಿಗಳನ್ನಿಡುವ ಶೀತಲ ಗೋದಾಮುಗಳ ಯಂತ್ರ ರಿಪೇರಿ ಅವನ ಕಸುಬು. ಆ ಕಸುಬಿನಲ್ಲಿ ಅವಸರ ಮಾಡಿದವನು ಕೈ ಸುಟ್ಟುಕೊಳ್ಳುತ್ತಾನೆ. ಕಣ್ಣಿಗೆ ಕಾಣದ ಗಾಳಿ ಎಲ್ಲಿ ಹರಿಯುತ್ತದೆ, ಎಲ್ಲಿ ಮಡುಗಟ್ಟಿ ನಿಲ್ಲುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ದಾರಿ ತೋರಿಸಿದವನು ಗೆಳೆಯನೇ. ಆಟದಿಂದ ನಿವೃತ್ತನಾದ ಮೇಲೆ ಅವನು ತನ್ನ ಊರಿನ ಸ್ಟೇಡಿಯಂ ನೋಡಲು ಬರುವವರಿಗೆ ಒಳಗೆಲ್ಲ ಸುತ್ತಾಡಿಸಿ ತೋರಿಸುವ ಕೆಲಸದಲ್ಲಿದ್ದ. ಹಬ್ಬ ಬಂದರೂ ಫೋನು, ಮಳೆ ಬಂದರೂ ಫೋನು. "ಒಂದ್ಸಲ ಬಾರೋ. ಬೆಳಿಗ್ಗೆ ಸ್ಟೇಡಿಯಂ ತೋರಿಸ್ತೀನಿ, ಮಧ್ಯಾಹ್ನ ಭಾಮೈದನ ಬಿಯರ್ ಕಾರ್ಖಾನೆ. ಅಲ್ಲಿ ಹಳೇ ಕಾಲದ ತೆರೆದ ತೊಟ್ಟಿಗಳಿವೆ, ಎಮ್ಮೆ ಈಜಾಡ್ಬೋದು, ಅಷ್ಟು ದೊಡ್ಡವು!" ಹಿಂದೆಲ್ಲ ಅವನು ಹೂಂಗುಟ್ಟಿ ಫೋನಿಡುತ್ತಿದ್ದ. ಈ ಸಲ ತೆರೆದ ತೊಟ್ಟಿ ಎಂಬ ಮಾತು ಕಿವಿಯಲ್ಲಿ ಉಳಿಯಿತು.

ಬಿಯರ್ ಹುಳಿಯುವಾಗ ಏಳುವ ಗಾಳಿ ಭಾರವಾದದ್ದು. ಅದು ಹಾರಿಹೋಗುವುದಿಲ್ಲ, ತೊಟ್ಟಿಯ ಅಂಚಿನೊಳಗೆ, ನೊರೆಯ ಮೇಲೆ, ಕಾಣದ ಕಂಬಳಿಯ ಹಾಗೆ ಹಾಸಿಕೊಂಡಿರುತ್ತದೆ. ಅದರೊಳಗೆ ತಲೆಯಿಟ್ಟು ಉಸಿರೆಳೆದವನಿಗೆ ಕಣ್ಣು ಕತ್ತಲೆ ಬರುತ್ತದೆ. ಬಗ್ಗಿದ, ತಲೆ ತಿರುಗಿತು, ಬಿದ್ದ. ಯಾವ ಪೊಲೀಸನೂ ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಬಗ್ಗಿದವನ ಸೊಂಟ ಕಂಬಿಯ ಮೇಲಿರುವಾಗ ಹಿಂದಿನಿಂದ ಒಂದು ಕೈ ಸೋಕಿದರೆ ಸಾಕು. ಮಡಚಲು ಬಾರದ ಕೈಯಾದರೂ ನಡೆಯುತ್ತದೆ. ತಳ್ಳಲು ಬೆರಳು ಮಡಚಬೇಕಾಗಿಲ್ಲ.

ದಿನವನ್ನು ಅವನೇ ಆರಿಸಿದ. ತೊಟ್ಟಿಗಳನ್ನು ವಾರದ ಮೊದಲ ದಿನ ತುಂಬಿಸುತ್ತಾರೆಂದು ಕಾರ್ಖಾನೆಯ ಜಾಲತಾಣವೇ ಹೆಮ್ಮೆಯಿಂದ ಹೇಳಿಕೊಂಡಿತ್ತು. ಅಂದಮೇಲೆ ವಾರದ ನಡುವೆ ನೊರೆ ತುಂಬಿ ನಿಂತಿರುತ್ತದೆ. ಆ ವಾರ ಊರಿನಲ್ಲಿ ಪಂದ್ಯವಿಲ್ಲ, ಜನಜಂಗುಳಿಯಿಲ್ಲ, ಹೆಚ್ಚಿನ ಪೊಲೀಸರಿಲ್ಲ. ಅವನ ಗೋದಾಮಿನಲ್ಲೂ ಹೊಸ ಯಂತ್ರ ಕೂರಿಸುವ ಸಲುವಾಗಿ ಬಿಡುವು. ರಜೆ ಕೇಳುವ ಗೋಜಿಲ್ಲ. ಎಲ್ಲವನ್ನೂ ಒಂದರ ಮೇಲೊಂದಿಟ್ಟು ನೋಡಿ ಅವನು ಗೆಳೆಯನಿಗೆ ಫೋನ್ ಮಾಡಿ ತಾರೀಖು ಹೇಳಿದ.

ಗೆಳೆಯ ಆ ತಾರೀಖನ್ನು ಎರಡು ಸಲ ಹೇಳಿಸಿಕೊಂಡ.

"ಅವತ್ತೇ ಬರ್ತೀಯಾ? ನಿಜವಾಗ್ಲೂ?"

"ಯಾಕೆ, ಬೇರೆ ಕೆಲಸ ಇದ್ಯಾ?"

"ಎಂಥ ಕೆಲಸ! ಇದ್ರೂ ಬಿಟ್ಟಾಕ್ತೀನಿ. ಬಾ ನೀನು. ಅವತ್ತೇ ಬಾ."

ಗೆಳೆಯ ಮೂಗೆಳೆದದ್ದು ಕೇಳಿಸಿತು. ಶೀತವಾಗಿರಬೇಕು ಎಂದುಕೊಂಡು ಅವನು ಫೋನಿಟ್ಟ.

ಬೆಳಗಿನ ರೈಲಿನಲ್ಲಿ ಬಂದಿಳಿದವನನ್ನು ಗೆಳೆಯ ಪ್ಲಾಟ್‌ಫಾರ್ಮಿನಲ್ಲೇ ತಬ್ಬಿಕೊಂಡ. ಹೊಟ್ಟೆ ಬಂದಿತ್ತು, ಕಿವಿಯ ಪಕ್ಕ ಬಿಳಿ ಕೂದಲು. ಮನೆಯಲ್ಲಿ ಗೆಳೆಯನ ಹೆಂಡತಿ ತಿಂಡಿ ಕೊಟ್ಟಳು. ಒಲೆಯ ಮೇಲೆ ಇನ್ನೂ ಎರಡು ದೊಡ್ಡ ಪಾತ್ರೆಗಳಿದ್ದವು. ಅವುಗಳ ಮುಚ್ಚಳ ತೆಗೆಯಲು ಹೋದ ಗಂಡನ ಕೈಗೆ ಸೌಟಿನಿಂದಲೇ ಒಂದು ಏಟು ಬಿತ್ತು.

"ಅವರನ್ನ ಕರ್ಕೊಂಡು ಹೊರಡ್ತೀರೋ ಇಲ್ವೋ? ಸಂಜೆ ನಾನೂ ಮನೇಲಿರಲ್ಲ, ಹೇಳಿದೀನಿ."

"ಎಲ್ಲಿಗೆ ಅತ್ತಿಗೆ?" ಅವನು ಕೇಳಿದ. ತಿಳಿದುಕೊಳ್ಳುವುದು ಒಳ್ಳೆಯದು.

"ತಮ್ಮನ ಕಡೆ ಸ್ವಲ್ಪ ಕೆಲಸ," ಎಂದು ಅವಳು ಬೆನ್ನು ತಿರುಗಿಸಿದಳು.

ಒಳ್ಳೆಯದೇ ಆಯಿತು. ಮನೆಯಲ್ಲಿ ಕಾಯುವವರಿಲ್ಲದಿದ್ದರೆ ಯಾಕಿನ್ನೂ ಬರಲಿಲ್ಲ ಎಂದು ಬೇಗ ಯಾರೂ ಫೋನ್ ಮಾಡುವುದಿಲ್ಲ.

ಸ್ಟೇಡಿಯಂನಲ್ಲಿ ಆ ಹೊತ್ತಿಗೆ ಏಳೆಂಟು ಜನ ನೋಡುಗರು ಬಂದಿದ್ದರು. ಗೆಳೆಯ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಕೂಡಲೇ ಬೇರೆ ಮನುಷ್ಯನಾದ. ಆಟಗಾರರ ಕೋಣೆಯ ಸಾಲು ಕೊಕ್ಕೆಗಳು, ತೇವದ ವಾಸನೆ, ಮೈ ತಿಕ್ಕುವ ಮೇಜು, ನಲ್ಲಿ ಸೋರುವ ಸ್ನಾನದ ಮನೆ, ಎಲ್ಲಕ್ಕೂ ಅವನ ಬಳಿ ಒಂದೊಂದು ತಮಾಷೆಯಿತ್ತು. ಮೈದಾನಕ್ಕೆ ಹೋಗುವ ಸುರಂಗದಂಥ ದಾರಿಯ ಗೋಡೆಯ ತುಂಬ ಫೋಟೋಗಳು. ಮೂರಾಳು ಉದ್ದದ ಒಂದು ಫೋಟೋದಲ್ಲಿ ಗೆಳೆಯ ಗಾಳಿಯಲ್ಲಿ ಅಡ್ಡಡ್ಡ ತೇಲಿದ್ದ. ಎರಡೂ ಕೈಗಳ ಹತ್ತು ಬೆರಳುಗಳೂ ಚೆಂಡಿನ ಮೇಲೆ ಹೂವಿನಂತೆ ಬಿಚ್ಚಿಕೊಂಡಿದ್ದವು. ಕೆಳಗೆ ದಪ್ಪಕ್ಷರದಲ್ಲಿ: ಗೋಡೆ.

"ಇವನು ನನ್ನ ಗೆಳೆಯ," ಎಂದು ಗೆಳೆಯ ಎಲ್ಲರೆದುರು ಅವನ ಭುಜ ಹಿಡಿದು ಮುಂದೆ ತಂದ. "ನಿಜವಾದ ಕೀಪರ್ ಇವನು. ನಾನು ಏನಿದ್ರೂ ಇವನ ನಕಲು."

ನೋಡುಗರು ನಕ್ಕರು. ದೊಡ್ಡವರು ಚಿಕ್ಕವರನ್ನು ಹೊಗಳುವಾಗ ನಗುವ ನಗೆ ಅದು. ಅವನೂ ನಕ್ಕ.

ಮೇಲಿನ ಅಂತಸ್ತಿನಿಂದ ಮೈದಾನ ತೋರಿಸುವಾಗ ಗೆಳೆಯ ಕಂಬಿಗೊರಗಿ ನಿಂತಿದ್ದ. ಕೆಳಗೆ ಸಿಮೆಂಟಿನ ಮೆಟ್ಟಿಲುಗಳು. ಇಲ್ಲೇ, ಈಗಲೇ ಎಂದು ಕೈ ಒಮ್ಮೆ ಜುಮ್ಮೆಂದಿತು. ಅವನು ತಲೆಯೆತ್ತಿದ. ಚಾವಣಿಯ ಕಂಬಕಂಬಕ್ಕೂ ಕ್ಯಾಮೆರಾ. ಕೈಯನ್ನು ಜೇಬಿಗಿಟ್ಟುಕೊಂಡ. ತನ್ನ ಸಂಯಮದ ಬಗ್ಗೆ ಅವನಿಗೇ ಮೆಚ್ಚುಗೆಯಾಯಿತು.

ಕೊನೆಯಲ್ಲಿ ಗೆಳೆಯ ಕಾವಲುಗಾರನಿಗೆ ಏನೋ ಹೇಳಿ ಅವನೊಬ್ಬನನ್ನು ಹುಲ್ಲಿನ ಮೇಲೆ ಕರೆದೊಯ್ದ. "ನಿಂತ್ಕೋ, ಒಂದೇ ಒಂದ್ಸಲ," ಎಂದು ಗೋಲಿನ ಮುಂದೆ ನಿಲ್ಲಿಸಿದ. ಎಲ್ಲಿಂದಲೋ ಒಂದು ಚೆಂಡು ತಂದು, ಮಗುವಿಗೆ ಎಸೆಯುವ ಹಾಗೆ ಮೆಲ್ಲಗೆ ಎಸೆದ. ಕಣ್ಣು ಅಳತೆ ಮಾಡಿತು, ಕಾಲು ಸರಿಯಿತು, ಕೈ ಹೋಗಬೇಕಾದಲ್ಲಿಗೆ ಹೋಯಿತು. ಬೆರಳು ಮಾತ್ರ ಮುಚ್ಚಲಿಲ್ಲ. ಚೆಂಡು ಅಂಗೈಗೆ ಬಡಿದು, ಮರದ ಹಲಗೆಗೆ ಬಡಿದಂತೆ ಪುಟಿದು, ಬಲೆಯೊಳಗೆ ಉರುಳಿತು. ಬೇಲಿಯಾಚೆ ನಿಂತ ನೋಡುಗರು ಪಾಪ ಎಂದು ಚಪ್ಪಾಳೆ ತಟ್ಟಿದರು. ಗೆಳೆಯ ಬಲೆಯತ್ತ ನಡೆದು ಚೆಂಡೆತ್ತಿಕೊಂಡ. ಬಹಳ ಹೊತ್ತು ಈ ಕಡೆ ತಿರುಗಲೇ ಇಲ್ಲ.

ಎಲ್ಲೋ ಒಂದು ಮೂಲೆಯಲ್ಲಿ, ಬೇಡ ಎನ್ನುವ ದನಿಯೊಂದು ಅಷ್ಟು ದಿನ ಕುಂಯ್ಗುಡುತ್ತಿದ್ದುದುಂಟು. ಆ ಚಪ್ಪಾಳೆಯೊಂದಿಗೆ ಅದು ಬಾಯಿ ಮುಚ್ಚಿಕೊಂಡಿತು.

ಬಿಯರ್ ಕಾರ್ಖಾನೆಯಲ್ಲಿ ಭಾಮೈದ ಇವರಿಗಾಗಿ ಕಾಯುತ್ತಿದ್ದ. ರಬ್ಬರ್ ಬೂಟು, ಕೆಂಪು ಮೂಗು, ಭಾವನನ್ನು ಕಂಡರೆ ಸದಾ ನಗುವ ಬಾಯಿ. ಬೇರೆ ನೋಡುಗರ ಜೊತೆಗೇ ಇವರನ್ನೂ ಸುತ್ತಾಡಿಸಿದ. ಮೊಳಕೆ ಬರಿಸಿ ಹುರಿದ ಬಾರ್ಲಿಯನ್ನು ಬಾಯಿಗೆ ಹಾಕಿಕೊಂಡು ಅಗಿದು ನೋಡಲು ಕೊಟ್ಟ. ಬಿಸಿನೀರಿನಲ್ಲಿ ಅದು ಕುದಿಯುವ ತಾಮ್ರದ ಹಂಡೆಗಳನ್ನು ತೋರಿಸಿದ. ಬಾಟಲಿಗಳು ಸೈನಿಕರಂತೆ ಸಾಲಾಗಿ ಬಂದು ಮುಚ್ಚಳ ಹಾಕಿಸಿಕೊಂಡು ಹೋಗುವಲ್ಲಿ, ಮಾತೇ ಕೇಳಿಸದಷ್ಟು ಗದ್ದಲ. ತೆರೆದ ತೊಟ್ಟಿಗಳಿರುವ ನೆಲಮಾಳಿಗೆಯ ಬಾಗಿಲ ಬಳಿ ಮಾತ್ರ ಅವನು ಗಂಭೀರನಾದ.

"ಇಲ್ಲಿಂದ ಒಳಗೆ ಯಾರನ್ನೂ ಬಿಡಲ್ಲ, ಕಿಟಕೀಲೇ ನೋಡ್ಬೇಕು. ತೊಟ್ಟಿ ಒಳಗೆ ತಲೆ ಹಾಕಿದ್ರೆ ಅಷ್ಟೇ ಕತೆ. ಹಿಂದೊಂದ್ಸಲ ನಮ್ಮವನೊಬ್ಬ ಕಣ್ಣಿನ ಚಾಳೀಸು ಬಿತ್ತು ಅಂತ ಬಗ್ಗಿದ್ದ. ಚಾಳೀಸು ಸಿಕ್ತು, ಅವನು ಉಳಿಲಿಲ್ಲ."

ಎಲ್ಲರೂ ಕಿಟಕಿಗೆ ಮೂಗು ಒತ್ತಿ ನೋಡಿದರು. ಅವನು ನೋಡಲಿಲ್ಲ, ಕೇಳಿಸಿಕೊಂಡವರ ಮುಖಗಳನ್ನು ನೋಡಿದ. ಇಷ್ಟು ಜನ ಸಾಕ್ಷಿ. ನಾಳೆ ಇವರೆಲ್ಲ, ಹೌದು ಸ್ವಾಮಿ, ಎಚ್ಚರಿಕೆ ಕೊಟ್ಟಿದ್ದರು, ಆದರೂ ಬಗ್ಗಿದ್ದಾನೆ ಎನ್ನುತ್ತಾರೆ.

ಒಳಗೆ ಹೋಗುವ ದಾರಿಯನ್ನು ಹೇಗೆ ಕೇಳುವುದೆಂದು ಅವನು ರೈಲಿನಲ್ಲಿ ಬರುವಾಗ ಮಾತು ಜೋಡಿಸಿಕೊಂಡಿದ್ದ. ಅದರ ಅಗತ್ಯವೇ ಬೀಳಲಿಲ್ಲ. ರುಚಿ ನೋಡುವ ಕೋಣೆಯಲ್ಲಿ ಎಲ್ಲರೂ ಲೋಟ ಹಿಡಿದು ಕೂತಾಗ ಗೆಳೆಯ ಅವನ ಕಿವಿಯ ಬಳಿ ಬಗ್ಗಿದ.

"ಇವರೆಲ್ಲ ಹೋಗ್ಲಿ. ಆಮೇಲೆ ನಾವಿಬ್ಬರೇ ಕೆಳಗಿಳಿಯೋಣ. ಬೇರೆ ಯಾರೂ ಇರಲ್ಲ. ಭಾಮೈದನಿಗೆ ಹೇಳಿದೀನಿ."

"ಅವನೂ ಬರ್ತಾನಾ?"

"ಇಲ್ಲ ಕಣೋ. ಬೀಗ ತೆಗೆದು ಹೋಗ್ತಾನೆ, ಅಷ್ಟೇ."

ಗೆಳೆಯನ ಕಣ್ಣು ಹೊಳೆಯುತ್ತಿತ್ತು. ಎರಡು ಸಲ ಎದ್ದುಹೋಗಿ ಫೋನಿನಲ್ಲಿ ಪಿಸುಗುಟ್ಟಿ ಬಂದ. ನೋಡುತ್ತಿದ್ದವನಿಗೆ ಒಂದು ಕ್ಷಣ ಅನುಮಾನವಾಯಿತು. ಇವನಿಗೆ ಗೊತ್ತಾಗಿದೆಯೇ? ಡ್ರೈವರ್ ತಾತ ಇವನಿಗೂ ಬಾಯಿ ಬಿಟ್ಟನೇ? ಗೆಳೆಯನೇ ತನಗೆ ಒಂದು ಗುಂಡಿ ತೋಡಿಟ್ಟಿದ್ದರೆ? ಅವನು ಲೋಟದಂಚಿನಿಂದ ಗೆಳೆಯನನ್ನು ಅಳೆದ. ನೊರೆ ಮೀಸೆ, ಉಬ್ಬಿದ ಹೊಟ್ಟೆ, ಪಕ್ಕದ ಮೇಜಿನವರೊಂದಿಗೆ ಹರಟೆ. ಹೆದರಿಕೆಯ ಬದಲು ನಗು ಬಂತು. ಕುರಿ ತಾನಾಗಿ ಬಂದು ಹಗ್ಗ ಕೈಗೆ ಕೊಡುತ್ತಿದೆ, ಅನುಮಾನವೇಕೆ? ಅವನು ಬಿಯರಿನ ಒಂದು ಗುಟುಕು ಮಾತ್ರ ತುಟಿಗೆ ಸೋಕಿಸಿ ಲೋಟವಿಟ್ಟ. ಗೆಳೆಯನ ಲೋಟ ಖಾಲಿಯಾದಾಗ ತನ್ನದನ್ನು ಅವನತ್ತ ಸರಿಸಿದ. ರಕ್ತದಲ್ಲಿ ಬಿಯರ್ ಇದ್ದರೆ ಇನ್ನೂ ಒಳ್ಳೆಯದು.

ನೋಡುಗರು ಚದುರಿದರು. ಭಾಮೈದ ನೆಲಮಾಳಿಗೆಯ ಬೀಗ ತೆಗೆದು, ಭಾವನಿಗೆ ಕಣ್ಣು ಮಿಟುಕಿಸಿ, ಬೂಟು ಚರಚರ ಎನ್ನಿಸುತ್ತಾ ಹೊರಟುಹೋದ.

ಕೆಳಗೆ ತಂಪಿತ್ತು. ಹಣ್ಣು ಕೊಳೆತಂಥ, ಬ್ರೆಡ್ಡು ಬೆಂದಂಥ ವಾಸನೆ. ಎರಡು ಸಾಲು ತೊಟ್ಟಿಗಳ ನಡುವೆ ಹಲಗೆಯ ದಾರಿ, ಸೊಂಟದೆತ್ತರದ ಕಂಬಿ. ಮೊದಲ ತೊಟ್ಟಿಗಳ ಮೇಲೆ ಒಂದು ದೀಪ ಉರಿಯುತ್ತಿತ್ತು. ಆ ತುದಿ, ಪೀಪಾಯಿಗಳನ್ನು ಪೇರಿಸಿಟ್ಟ ಕಡೆ, ಪೂರಾ ಕತ್ತಲೆ.

"ಆ ಕಡೆ ಬಲ್ಬು ಹೋಗಿದೆ," ಎಂದ ಗೆಳೆಯ, ಅವನು ಕೇಳದಿದ್ದರೂ. "ಬಾ, ಅಲ್ಲಿವರೆಗೂ ಹೋಗೋಣ."

"ಇರು. ಇದನ್ನ ನೋಡೋಣ ಮೊದಲು."

ಅವನು ದೀಪದ ಬೆಳಕು ಮುಗಿಯುವಲ್ಲಿದ್ದ ತೊಟ್ಟಿಯ ಬಳಿ ನಿಂತ. ನೊರೆ ಅಂಚಿನ ಕೆಳಗೆ ಹಳದಿ ಮೋಡದ ಹಾಗೆ ಉಬ್ಬಿ, ಒಳಗೊಳಗೇ ಸಿಟಿಸಿಟಿ ಎನ್ನುತ್ತಿತ್ತು. ಲೆಕ್ಕ ಹಾಕಿದಂತೆಯೇ ಇತ್ತು. ಬಾಗಿಲು ಮುಚ್ಚಿದೆ. ಕ್ಯಾಮೆರಾ ಇಲ್ಲ. ಮೇಲಿನಿಂದ ಬಾಟಲಿಗಳ ಗದ್ದಲ ಮಂದವಾಗಿ ಕೇಳುತ್ತಿದೆ. ಇಲ್ಲಿ ಕೂಗಿದರೂ ಅಲ್ಲಿಗೆ ಮುಟ್ಟದು. ಯೋಜನೆಯ ಪ್ರಕಾರ ಈಗ, ಅಲ್ಲೇನೋ ಬಿದ್ದಿದೆ ನೋಡು ಎನ್ನಬೇಕು. ಗೆಳೆಯ ಬಗ್ಗಬೇಕು. ಮಾತಿಲ್ಲದೆ ಮುಗಿಯಬೇಕು.

ಆದರೆ ಮಾತಿಲ್ಲದೆ ಮುಗಿದರೆ ಗೆಳೆಯನಿಗೆ ಯಾಕೆಂದೇ ತಿಳಿಯುವುದಿಲ್ಲ. ತಲೆ ತಿರುಗಿ ಬಿದ್ದೆ ಎಂದುಕೊಂಡೇ ಸಾಯುತ್ತಾನೆ. ಅದು ಅವನಿಗೆ ಸಹಿಸಲಾಗಲಿಲ್ಲ. ಯಾರೂ ಇಲ್ಲದ ಕಡೆ ಎರಡು ಮಾತಿನಿಂದ ಏನಾದೀತು?

"ಅವತ್ತು ವ್ಯಾನಿನ ಬಾಗಿಲು ಎಳೆಯೋಕ್ಕೆ ಮುಂಚೆ ನೀನು ತಿರುಗಿ ನೋಡಿದ್ದೆ ಅಲ್ವಾ?"

ಗೆಳೆಯನ ಮುಖದಿಂದ ಬೆಳಕು ಇಳಿದುಹೋಯಿತು. ಅವನು ಕತ್ತಲೆಯ ತುದಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಆ ವಿಷಯ ಇಲ್ಲಿ ಬೇಡ ಕಣೋ. ರಾತ್ರಿ ಮಾತಾಡೋಣ. ಎಲ್ಲಾನೂ ಹೇಳ್ತೀನಿ, ಆಣೆ. ಈಗ ಬೇಡ."

"ನೋಡಿದ್ದೆಯೋ ಇಲ್ವೋ?"

"ಸ್ವಲ್ಪ ಮೆಲ್ಲಗೆ..."

"ಯಾಕೆ ಮೆಲ್ಲಗೆ? ಇಲ್ಲಿ ಯಾರಿದಾರೆ?"

ಗೆಳೆಯ ಮತ್ತೆ ಕತ್ತಲೆಯ ತುದಿಯತ್ತ ನೋಡಿದ. ಕಂಬಿಯ ಮೇಲೆ ಎರಡೂ ಕೈಯೂರಿ, ತಲೆ ತಗ್ಗಿಸಿ, ತೊಟ್ಟಿಯ ನೊರೆಯನ್ನು ನೋಡುತ್ತಾ ನಿಂತ. ಕಣ್ಣೊರೆಸಿಕೊಳ್ಳಲೋ ಏನೋ, ಇನ್ನಷ್ಟು ಬಗ್ಗಿದ. ಅಲ್ಲೇನೋ ಬಿದ್ದಿದೆ ಎಂದು ಹೇಳಬೇಕಾಗಿ ಬರಲಿಲ್ಲ.

"ನೀನು ನೋಡಿದ್ದೆ," ಎಂದ ಅವನು ತಾನೇ ಉತ್ತರಿಸಿ. "ಈಗ ಈ ಕೈಯನ್ನೂ ನೋಡಿಕೋ. ನೀನು ಮುರಿದ ಕೈ. ನಿನ್ನ ತಳ್ತಿರೋದು ಇದೇ."

ತೆರೆದ ಅಂಗೈ ಗೆಳೆಯನ ಸೊಂಟಕ್ಕೆ ತಾಗಿತು. ಅಷ್ಟು ದೊಡ್ಡ ಮೈ ಅಷ್ಟು ಸಲೀಸಾಗಿ ಹೋಗುತ್ತದೆಂದು ಅವನೂ ಎಣಿಸಿರಲಿಲ್ಲ. ಬೂಟಿನ ಅಟ್ಟೆಗಳು ಒಮ್ಮೆ ಕಂಡವು. ದೊಪ್ಪನೆ ಸದ್ದಾಯಿತು, ನೊರೆ ಬಾಯ್ದೆರೆದು ಮುಚ್ಚಿಕೊಂಡಿತು.

ಈಗ ಅವಸರ ಪಡಬಾರದು. ಕೆಲವು ಉಸಿರು ಕಾಯಬೇಕು. ಆಮೇಲೆ ಮೆಟ್ಟಿಲು ಹತ್ತಿ ಓಡಬೇಕು, ಅಯ್ಯೋ ಬಿದ್ದುಬಿಟ್ಟ ಬನ್ನಿ ಎಂದು ಕೂಗಬೇಕು. ಕೂಗನ್ನೂ ಅವನು ಗೋದಾಮಿನ ಖಾಲಿ ಕೋಣೆಯಲ್ಲಿ ಅಭ್ಯಾಸ ಮಾಡಿದ್ದ. ಅವನು ಕಂಬಿ ಹಿಡಿದು, ನೆಟ್ಟಗೆ ನಿಂತು, ನಿಧಾನವಾಗಿ ಉಸಿರಾಡಿದ. ಎರಡು ದಶಕಗಳಲ್ಲಿ ಮೊದಲ ಸಲ ಎದೆ ಹಗುರಾಗಿತ್ತು.

ಕತ್ತಲೆಯ ತುದಿಯಲ್ಲಿ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು.

ಬಲ್ಬುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಒಂದೂ ಹಾಳಾಗಿರಲಿಲ್ಲ. ಹಿಂಬಾಗಿಲಿಂದ ಬಂದು ಅಲ್ಲಿ ಸೇರಿಕೊಂಡಿದ್ದ ಭಾಮೈದ ರಬ್ಬರ್ ಬೂಟಿನಲ್ಲಿ ಹಲಗೆ ಅದುರಿಸುತ್ತಾ ಓಡಿಬಂದು, ಅವನನ್ನು ಮೊಣಕೈಯಿಂದ ಗುದ್ದಿ ಸರಿಸಿ, ಉಸಿರು ಬಿಗಿಹಿಡಿದು, ಗೋಡೆಗೆ ಒರಗಿಸಿದ್ದ ಉದ್ದದ ಕೊಕ್ಕೆಕೋಲನ್ನು ನೊರೆಯೊಳಗೆ ಇಳಿಸಿದ. ಅವನ ಹಿಂದೆ ಇನ್ನೂ ನಾಲ್ಕು ಕೈಗಳು. ಅಂಗಿಯ ಕೊರಳಪಟ್ಟಿ ಸಿಕ್ಕಿತು. ಎಳೆದು ಹಲಗೆಯ ಮೇಲೆ ಹಾಕಿದಾಗ ಗೆಳೆಯ ನೀಲಿಗಟ್ಟಿದ್ದ. ಬೆನ್ನಿಗೆ ಗುದ್ದಿದರು. ಕೆಮ್ಮಿದ, ಕಾರಿದ, ಉಸಿರೆಳೆದ. ಕಣ್ಣು ಬಿಟ್ಟು, ಇನ್ನೂ ಯಾವುದೋ ಲೋಕದಲ್ಲಿದ್ದವನಂತೆ ಹೆಂಡತಿಗೆ ಹೇಳಿದ, "ಲೈಟ್ ಯಾಕೆ ಹಾಕಿದ್ರಿ? ನಾನು ಹೇಳೋ ತನಕ ಹಾಕ್ಬೇಡಿ ಅಂದಿರಲಿಲ್ವಾ?"

ಅವನು ಓಡಲಿಲ್ಲ. ಪೀಪಾಯಿಗಳ ಮುಂದೆ ಹಳೆಯ ತಂಡದವರೆಲ್ಲ ನಿಂತಿದ್ದರು, ಡ್ರೈವರ್ ತಾತನನ್ನು ಕುರ್ಚಿ ಹಾಕಿ ಕೂರಿಸಿದ್ದರು. ಎಲ್ಲರ ಬಾಯೂ ಹಾಡಲು ತೆರೆದದ್ದು ಹಾಗೇ ತೆರೆದಿತ್ತು. ಮೇಜಿನ ಮೇಲಿನ ಕೇಕಿನಲ್ಲಿ ಅವನ ಹೆಸರಿತ್ತು. ಯಾವ ಹುಟ್ಟುಹಬ್ಬ ಎಂದು ಅವನ ತಲೆ ಒಂದು ಕ್ಷಣ ತಡವರಿಸಿತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಕಣ್ಣಂದಾಜಿನಲ್ಲಿ ಬರೆದುಕೊಂಡ ತಾರೀಖೇ ಗುರುತಿನ ಚೀಟಿಯಲ್ಲಿ, ಕೆಲಸದಲ್ಲಿ, ಬ್ಯಾಂಕಿನವರ ಶುಭಾಶಯದಲ್ಲಿ ಬಂದು ಬಂದು ಅವನ ತಲೆಯಲ್ಲೂ ಅದೇ ಗಟ್ಟಿಯಾಗಿತ್ತು. ನಿಜವಾದ ದಿನ ನೆನಪಿದ್ದದ್ದು ಅಮ್ಮನಿಗೆ, ಪ್ರತಿವರ್ಷ ಆ ದಿನ ಅಮ್ಮ ಅವನ ಜೊತೆ ಕೂರಿಸಿ ಬಡಿಸುತ್ತಿದ್ದ ಗೆಳೆಯನಿಗೆ. ಅಮ್ಮ ಹೋದ ಮೇಲೆ ಆ ದಿನಕ್ಕೆ ಉಳಿದಿದ್ದವನು ಗೆಳೆಯನೊಬ್ಬನೇ. ಇಷ್ಟು ವರ್ಷಗಳ ಮೇಲೆ ಇವನು ಆ ದಿನವನ್ನು ತಾನಾಗಿ ಆರಿಸಿ ಬರುತ್ತೇನೆಂದಾಗ, ಕ್ಷಮಿಸಿದ್ದಾನೆ ಎಂದುಕೊಂಡು ಗೆಳೆಯ ಊರೂರಿನಿಂದ ಎಲ್ಲರನ್ನೂ ಕರೆಸಿದ್ದ. ತೊಟ್ಟಿ ತುಂಬುವ ದಿನ, ಪಂದ್ಯವಿಲ್ಲದ ವಾರ, ಗೋದಾಮಿನ ಬಿಡುವು, ಎಲ್ಲವನ್ನೂ ನೋಡಿ ಆರಿಸಿದ್ದ ತಾರೀಖಿನಲ್ಲಿ ಅವನು ನೋಡದೆ ಬಿಟ್ಟದ್ದು ಒಂದೇ: ಅವನು ಹುಟ್ಟಿದ್ದು ಅವತ್ತು.